‘ಶಟ್ ಡೌನ್’ ಒತ್ತಿದರೂ ಆಫ್ ಆಗದ ಲ್ಯಾಪ್‌ಟಾಪ್

ಪ್ರಶ್ನೆ: ತೋಟದ ಖರ್ಚು, ತಿಪಟೂರು ಮಂಡಿಯ ಕೊಬ್ಬರಿ ಲೆಕ್ಕ ಎಲ್ಲವೂ ನನ್ನ ಲ್ಯಾಪ್‌ಟಾಪಿನಲ್ಲಿದೆ. ವಿಂಡೋಸ್ 11 ಅಪ್‌ಡೇಟ್ ಆದಾಗಿನಿಂದ ಶಟ್ ಡೌನ್ ಕೊಟ್ಟರೆ ಪರದೆ ಕಪ್ಪಾಗುತ್ತದೆ, ಲೈಟು ಮಾತ್ರ ಉರಿಯುತ್ತಲೇ ಇರುತ್ತದೆ. ಪವರ್ ಬಟನ್ ಅದುಮಿ ಹಿಡಿದು ಆಫ್ ಮಾಡುತ್ತಿದ್ದೇನೆ. ಲೆಕ್ಕ ಹಾಳಾಗುತ್ತದೆಯೇ? ರಿಪೇರಿಯವರು ಫಾರ್ಮ್ಯಾಟ್ ಮಾಡಬೇಕು ಎನ್ನುತ್ತಾರೆ.
– ಓದುಗರೊಬ್ಬರು, ಅರಳಗುಪ್ಪೆ

ಉತ್ತರ: ಫಾರ್ಮ್ಯಾಟ್ ಈಗಲೇ ಬೇಡ. ಇವತ್ತೇ ಲೆಕ್ಕದ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ, ಉಳಿದದ್ದು ಆಮೇಲೆ. ಲೆಕ್ಕದ ಪ್ರೋಗ್ರಾಮನ್ನು ನೀವೇ ಮುಚ್ಚಿ, ನಂತರ ಶಟ್ ಡೌನ್ ಕೊಡುತ್ತಿದ್ದರೆ ಬಟನ್ ಅದುಮಿದ್ದರಿಂದ ಲೆಕ್ಕ ಕೆಡುವ ಸಾಧ್ಯತೆ ಕಡಿಮೆ. ಆದರೆ ಪರದೆಯ ಮೇಲೆ ಅಪ್‌ಡೇಟಿನ ಶೇಕಡಾವಾರು ಅಂಕಿ ಓಡುತ್ತಿರುವಾಗ ಮಾತ್ರ ಬಟನ್ ಮುಟ್ಟಬೇಡಿ, ಅರ್ಧ ಗಂಟೆಯಾದರೂ ಕಾಯಿರಿ. ಆಗ ಬದಲಾಗುತ್ತಿರುವುದು ವಿಂಡೋಸಿನದೇ ಫೈಲುಗಳು.

ಶಟ್ ಡೌನ್ ಎಂದರೆ ಕರೆಂಟು ಕಡಿಯುವುದಷ್ಟೇ ಅಲ್ಲ. ಸಂಜೆ ಮಂಡಿ ಮುಚ್ಚುವ ಹಾಗೆ: ತೂಕದವರು, ಗುಮಾಸ್ತರು, ಹಮಾಲರು ಒಬ್ಬೊಬ್ಬರಾಗಿ ಹೊರಟ ಮೇಲೆಯೇ ಕೊನೆಯವರು ಬೀಗ ಹಾಕುವುದು. ವಿಂಡೋಸ್ ಮೊದಲು ಪ್ರೋಗ್ರಾಮುಗಳನ್ನು, ಆಮೇಲೆ ಹಿನ್ನೆಲೆಯ ಸೇವೆಗಳನ್ನು, ಕೊನೆಗೆ ವೈಫೈ, ಗ್ರಾಫಿಕ್ಸ್‌ನಂಥ ಭಾಗಗಳ ಡ್ರೈವರುಗಳನ್ನು ಮಲಗಿಸುತ್ತದೆ. ನಿಮ್ಮಲ್ಲಿ ಪರದೆ ಕಪ್ಪಾದ ಮೇಲೆ ನಿಲ್ಲುತ್ತಿದೆಯಲ್ಲ, ಹಾಗಾಗಿ ನನ್ನ ಅನುಮಾನ ಡ್ರೈವರಿನ ಮೇಲೆ, ಇಲ್ಲವೇ ಫಾಸ್ಟ್ ಸ್ಟಾರ್ಟಪ್ ಮೇಲೆ.

ಈ ಫಾಸ್ಟ್ ಸ್ಟಾರ್ಟಪ್ 2012ರಲ್ಲಿ ವಿಂಡೋಸ್ 8ರ ಜೊತೆ ಬಂತು. ಅದು ಚಾಲೂ ಇದ್ದರೆ ಶಟ್ ಡೌನ್ ಕೊಟ್ಟಾಗ ವಿಂಡೋಸಿನ ತಿರುಳು ಪೂರ್ತಿ ಮುಚ್ಚುವುದಿಲ್ಲ. ತನ್ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಮರುದಿನ ಅದನ್ನೇ ಎತ್ತಿಕೊಂಡು ಬೇಗ ಏಳುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಆದ್ದರಿಂದ ಅಪ್‌ಡೇಟ್ ಆದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡುವುದು ಒಳ್ಳೆಯದು.

ಈಗ ಒಂದು ಪರೀಕ್ಷೆ ಮಾಡಿ. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದುಕೊಂಡೇ ಮೆನುವಿನಲ್ಲಿ ಶಟ್ ಡೌನ್ ಕ್ಲಿಕ್ ಮಾಡಿ. ಆ ಒಂದು ಸಲಕ್ಕೆ ಪೂರ್ಣ ಶಟ್ ಡೌನ್ ಆಗುತ್ತದೆ. ಲೈಟು ಆರಿತೇ? ಹಾಗಾದರೆ ಫಾಸ್ಟ್ ಸ್ಟಾರ್ಟಪ್ಪೇ ಕಾರಣವಿರಬೇಕು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಪುಟದಲ್ಲಿ ಅದರ ಟಿಕ್ ತೆಗೆಯಿರಿ. ಬೆಳಿಗ್ಗೆ ಆನ್ ಆಗಲು ಕೆಲವು ಕ್ಷಣ ಹೆಚ್ಚು ಬೇಕಾದೀತು, ಅಷ್ಟೇ.

ಶಿಫ್ಟ್ ಹಿಡಿದರೂ ಆರದಿದ್ದರೆ ಪ್ರಿಂಟರ್, ಮೌಸ್, ಡಾಂಗಲ್ ಎಲ್ಲ ಕಿತ್ತು ಮತ್ತೆ ನೋಡಿ. ಅದಕ್ಕೂ ಬಗ್ಗದಿದ್ದರೆ ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದಲೇ ನಿಮ್ಮ ಮಾಡೆಲಿನ ಗ್ರಾಫಿಕ್ಸ್ ಮತ್ತು ವೈಫೈ ಡ್ರೈವರ್ ಹಾಕಿಕೊಳ್ಳಿ. ಬೇರೆಲ್ಲೋ ಸಿಗುವ ‘ಡ್ರೈವರ್ ಅಪ್‌ಡೇಟರ್’ಗಳನ್ನು ದಯವಿಟ್ಟು ನಂಬಬೇಡಿ.

ತಪ್ಪು ಅಪ್‌ಡೇಟಿನದ್ದೇ ಆಗಿರುವುದೂ ಉಂಟು. 2026ರ ಜನವರಿ 13ರ ಅಪ್‌ಡೇಟಿನ ನಂತರ ವಿಂಡೋಸ್ 11ರ 23ಎಚ್2 ಆವೃತ್ತಿಯಿದ್ದ ಕೆಲವು ಕಂಪ್ಯೂಟರುಗಳು ಶಟ್ ಡೌನ್ ಕೊಟ್ಟರೆ ಆಫ್ ಆಗುವ ಬದಲು ರೀಸ್ಟಾರ್ಟ್ ಆಗತೊಡಗಿದವು. ಮೈಕ್ರೋಸಾಫ್ಟ್ ಜನವರಿ 17ರಂದು ತಿದ್ದುಪಡಿ ಕೊಟ್ಟಿತು. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಹೊಸ ಅಪ್‌ಡೇಟ್ ಬಂದಿದೆಯೇ ನೋಡಿ. ಇಲ್ಲದಿದ್ದರೆ ಅಪ್‌ಡೇಟ್ ಹಿಸ್ಟರಿಗೆ ಹೋಗಿ ತೊಂದರೆ ಶುರುವಾದ ದಿನದ್ದನ್ನು ಅನ್‌ಇನ್‌ಸ್ಟಾಲ್ ಮಾಡಬಹುದು.

ಇದೆಲ್ಲ ಸರಿಹೋಗುವವರೆಗೆ ಲೈಟು ಆರದ ಲ್ಯಾಪ್‌ಟಾಪನ್ನು ಮುಚ್ಚಿ ಬ್ಯಾಗಿಗೆ ಹಾಕಬೇಡಿ, ಒಳಗೇ ಕಾದು ಬ್ಯಾಟರಿ ಹಾಳಾಗುತ್ತದೆ. ಯಾವುದಕ್ಕೂ ಜಗ್ಗದೆ ಫಾರ್ಮ್ಯಾಟೇ ಕೊನೆಯ ದಾರಿಯಾದರೆ, ಪೆನ್‌ಡ್ರೈವಿನ ಲೆಕ್ಕ ಇನ್ನೊಂದು ಕಂಪ್ಯೂಟರಿನಲ್ಲಿ ಸರಿಯಾಗಿ ತೆರೆಯುತ್ತದೆಂದು ಕಣ್ಣಾರೆ ನೋಡಿದ ಮೇಲೆ ಮಾತ್ರ ಒಪ್ಪಿಕೊಳ್ಳಿ.