ಸೆಟ್ ಇಲ್ಲದೆ ಎರಡು ಪಟ್ಟಿ ಹೋಲಿಸೋದು ಹೇಗೆ?

ಸಿ ಲ್ಯಾಬ್‌ನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಎರಡು ಪಟ್ಟಿ ಇವೆ. ಎರಡರಲ್ಲೂ ಇರೋದು ಯಾವುದು, ಒಂದರಲ್ಲಿ ಮಾತ್ರ ಇರೋದು ಯಾವುದು?" ಪೈಥಾನ್ ಆದ್ರೆ ಎರಡನ್ನೂ ಸೆಟ್ ಮಾಡಿ, ಒಂದರಿಂದ ಇನ್ನೊಂದನ್ನ ಕಳೆದರೆ ಮುಗೀತು. ಸಿ ಭಾಷೆಯಲ್ಲಿ ಸೆಟ್ ಇಲ್ಲ. ಸಂದರ್ಶನದಲ್ಲೂ "ಲೈಬ್ರರಿ ಬಳಸದೆ ಮಾಡಿ" ಅಂತ ಕೇಳ್ತಾರೆ. ಆಗ ಏನು ಮಾಡಬೇಕು, ನೋಡೋಣ.

ಉದಾಹರಣೆಗೆ ನಮ್ಮ ಜಿಲ್ಲೆಯನ್ನೇ ತಗೊಳ್ಳೋಣ. ಕಲಬುರಗಿಯಿಂದ ಬೇರೆಯಾಗಿ ಯಾದಗಿರಿ ರಾಜ್ಯದ 30ನೇ ಜಿಲ್ಲೆಯಾದಾಗ ಇದ್ದದ್ದು 3 ತಾಲೂಕು. 2017ರ ಬಜೆಟ್‌ನಲ್ಲಿ ಹೊಸ ತಾಲೂಕುಗಳು ಘೋಷಣೆಯಾದ ಮೇಲೆ ಅವು 6 ಆದವು.

ಹಳೆ ಪಟ್ಟಿ: ಯಾದಗಿರಿ, ಶಹಾಪುರ, ಸುರಪುರ.
ಹೊಸ ಪಟ್ಟಿ: ಗುರುಮಠಕಲ್, ಯಾದಗಿರಿ, ವಡಗೇರಾ, ಶಹಾಪುರ, ಸುರಪುರ, ಹುಣಸಗಿ.

ಹೊಸದಾಗಿ ಸೇರಿದ ತಾಲೂಕು ಯಾವುವು?

ವಿಧಾನ 1: ಲೂಪ್ ಒಳಗೆ ಲೂಪ್

ಹೊಸ ಪಟ್ಟಿಯ ಒಂದೊಂದು ಹೆಸರು ಹಿಡಿದು ಹಳೆ ಪಟ್ಟಿಯಲ್ಲಿ ಮೊದಲಿಂದ ಹುಡುಕೋದು. ಗುರುಮಠಕಲ್‌ಗೆ 3 ಹೋಲಿಕೆ, ಯಾದಗಿರಿಗೆ 1, ವಡಗೇರಾಕ್ಕೆ 3, ಶಹಾಪುರಕ್ಕೆ 2, ಸುರಪುರಕ್ಕೆ 3, ಹುಣಸಗಿಗೆ 3. ಒಟ್ಟು 15. ಇಷ್ಟಕ್ಕೆ ತೊಂದರೆ ಏನಿಲ್ಲ. ಆದ್ರೆ ಎರಡೂ ಕಡೆ 1,000 ಹೆಸರಿದ್ರೆ ಹೋಲಿಕೆ 10 ಲಕ್ಷದವರೆಗೂ ಹೋಗ್ತದೆ.

ವಿಧಾನ 2: ಜೋಡಿಸಿ, ಎರಡು ಬೆರಳಿಟ್ಟು ನಡೆಯೋದು

ಮೇಲಿನ ಪಟ್ಟಿಗಳು ಈಗಾಗಲೇ ಅಕ್ಷರಕ್ರಮದಲ್ಲಿವೆ, ಗಮನಿಸಿದ್ರಾ? ಒಂದೊಂದು ಪಟ್ಟಿಯ ಮೊದಲ ಹೆಸರಿನ ಮೇಲೆ ಒಂದೊಂದು ಬೆರಳಿಡಿ.

• ಎರಡೂ ಹೆಸರು ಒಂದೇ ಆದ್ರೆ "ಎರಡರಲ್ಲೂ ಇದೆ" ಅಂತ ಬರೆದು, ಎರಡೂ ಬೆರಳು ಮುಂದೆ.
• ಬೇರೆ ಆದ್ರೆ, ಕ್ರಮದಲ್ಲಿ ಮೊದಲು ಬರುವ ಹೆಸರು ಇನ್ನೊಂದು ಪಟ್ಟಿಯಲ್ಲಿ ಇಲ್ಲ. ಅದನ್ನ ಬರೆದು, ಆ ಬೆರಳು ಮಾತ್ರ ಮುಂದೆ.
• ಒಂದು ಪಟ್ಟಿ ಮುಗಿದ್ರೆ, ಇನ್ನೊಂದರಲ್ಲಿ ಉಳಿದದ್ದೆಲ್ಲ ಅದರದ್ದು ಮಾತ್ರ.

ಮಾಡಿ ನೋಡ್ರಿ: 5 ಹೋಲಿಕೆಯಲ್ಲಿ ಸುರಪುರ ಮುಟ್ಟುತ್ತೀರಿ, ಹುಣಸಗಿ ತಾನಾಗೇ ಉಳೀತದೆ. ಉತ್ತರ: ಗುರುಮಠಕಲ್, ವಡಗೇರಾ, ಹುಣಸಗಿ. 1,000 ಹೆಸರಿನ ಎರಡು ಪಟ್ಟಿಯಾದ್ರೆ, ಮರ್ಜ್ ಸಾರ್ಟ್‌ಗೆ ಒಂದೊಂದಕ್ಕೆ ಸುಮಾರು 10,000 ಹೋಲಿಕೆ, ನಡಿಗೆಗೆ ಹೆಚ್ಚಂದ್ರೆ 2,000. ಎಲ್ಲ ಸೇರಿ 22,000. 10 ಲಕ್ಷ ಎಲ್ಲಿ, ಇದೆಲ್ಲಿ!

ಯುನಿಕೋಡ್‌ನಲ್ಲಿ ಳ ಅಕ್ಷರ ಲ ಆದ ಕೂಡಲೇ ಬರ್ತದೆ, ನಮ್ಮ ವರ್ಣಮಾಲೆಯ ಹಾಗೆ ಕೊನೆಗಲ್ಲ. ಚಿಂತೆ ಬೇಡ. ಎರಡೂ ಪಟ್ಟಿ ಒಂದೇ ನಿಯಮದಲ್ಲಿ ಜೋಡಿಸಿದ್ರೆ ಸಾಕು.

ಇದರಲ್ಲಿ ಇನ್ನೊಂದು ಲಾಭ ಇದೆ. ಒಂದೇ ಊರಿನ, ಒಂದೇ ಹೆಸರಿನ ಇಬ್ಬರಿದ್ರೆ ಸೆಟ್ ಅವರನ್ನ ಒಬ್ಬರನ್ನಾಗಿ ಮಾಡಿಬಿಡ್ತದೆ. ಬೆರಳಿನ ವಿಧಾನ ಒಬ್ಬರಿಗೆ ಒಬ್ಬರನ್ನ ಜೋಡಿಸುತ್ತಾ ಹೋಗೋದ್ರಿಂದ ಇಬ್ಬರೂ ಉಳೀತಾರೆ.

ನಾನು ಮಾಡಿದ ತಪ್ಪು

ಕಳೆದ ವರ್ಷ ನಮ್ಮ ಸಂಘದ ಪ್ರವಾಸಕ್ಕೆ ಹೆಸರು ಕೊಟ್ಟವರ ಪಟ್ಟಿ, ದುಡ್ಡು ಕಟ್ಟಿದವರ ಪಟ್ಟಿ ಎರಡನ್ನೂ ಹೋಲಿಸಿದವನು ನಾನೇ. ಹೆಸರು ಮತ್ತು ಊರು ಸೇರಿಸಿ ಹೋಲಿಸಿದೆ. ಕೋಡ್ ಸರಿಯಾಗಿತ್ತು, ಎರರ್ ಒಂದೂ ಇಲ್ಲ. ಆದ್ರೂ ಸುರಪುರದ ಕಡೆಯ ನಾಲ್ವರು "ದುಡ್ಡು ಕಟ್ಟಿಲ್ಲ" ಅಂತ ಬಂತು. ಅವರಲ್ಲೊಬ್ಬಳು ಮನೆಯಲ್ಲಿ ಕಾಡಿ ಬೇಡಿ ದುಡ್ಡು ತಂದವಳು. ಬೆಳಿಗ್ಗೆ ಬಸ್ ಹತ್ತಿರ ಬಂದು, ಹೆಸರಿಲ್ಲ ಅಂದಾಗ ಒಂದು ಮಾತೂ ಆಡದೆ ವಾಪಸ್ ಹೋದಳು.

ಆಮೇಲೆ ಕಾರಣ ತಿಳೀತು. ಒಂದು ಪಟ್ಟಿಯಲ್ಲಿ ಸುರಪುರ, ಇನ್ನೊಂದರಲ್ಲಿ ಶೋರಾಪುರ. ಊರು ಒಂದೇ. ಬ್ರಿಟಿಷರ ಕಾಲದ ಬರಹಗಳಲ್ಲೂ, ಇಂಗ್ಲಿಷ್‌ನಲ್ಲಿ ಬರೆಯುವ ವಿಧಾನಸಭಾ ಕ್ಷೇತ್ರದ ಹೆಸರಿನಲ್ಲೂ ಅದು ಶೋರಾಪುರವೇ. ನಮಗೆ ಗೊತ್ತು, ಕಂಪ್ಯೂಟರ್‌ಗೆ ಗೊತ್ತಿಲ್ಲ. ಇನ್ನೂ ಸೂಕ್ಷ್ಮ ಒಂದಿದೆ: "ಶೋ" ಅನ್ನೋದನ್ನ ಯುನಿಕೋಡ್‌ನಲ್ಲಿ ಎರಡು ಸಂಕೇತವಾಗಿಯೂ ನಾಲ್ಕು ಸಂಕೇತವಾಗಿಯೂ ಬರೀಬಹುದು. ಕಣ್ಣಿಗೆ ಒಂದೇ ಕಂಡ್ರೂ ಸಿ ಭಾಷೆಯ ಹೋಲಿಕೆಗೆ ಅವು ಬೇರೆ ಬೇರೆ. ಅದಕ್ಕೇ ಹೋಲಿಸುವ ಮುಂಚೆ ನಾರ್ಮಲೈಸ್ ಮಾಡಬೇಕು, ಹೆಚ್ಚುವರಿ ಸ್ಪೇಸ್ ತೆಗೀಬೇಕು, ಊರಿನ ಹೆಸರು ಒಂದೇ ರೂಪಕ್ಕೆ ತರಬೇಕು.

ವಿಧಾನ 3: ಹೆಸರು ಬಿಟ್ಟು ನಂಬರ್

ರೋಲ್ ನಂಬರ್ ಇದ್ರೆ ಇಷ್ಟೆಲ್ಲ ಬೇಕಿಲ್ಲ. ನಂಬರ್ 0ರಿಂದ 999ರ ಒಳಗಿದ್ರೆ 1,000 ಮನೆಯ ಅರೇ ಮಾಡಿ, ಎಲ್ಲದರಲ್ಲೂ 0 ತುಂಬಿ. ಮೊದಲ ಪಟ್ಟಿಯ ನಂಬರ್ ಬಂದಾಗ ಆ ಮನೆಗೆ 1 ಕೂಡಿಸಿ, ಎರಡನೆಯದರಲ್ಲಿ ಬಂದಾಗ 1 ಕಳೆಯಿರಿ. ಕೊನೆಗೆ ಎಲ್ಲ ಮನೆಯಲ್ಲೂ 0 ಇದ್ರೆ ಎರಡೂ ಪಟ್ಟಿ ಒಂದೇ. ಹೆಚ್ಚಿದ್ರೆ ಮೊದಲನೆಯದರಲ್ಲಿ ಜಾಸ್ತಿ, ಕಡಿಮೆ ಇದ್ರೆ ಎರಡನೆಯದರಲ್ಲಿ ಜಾಸ್ತಿ. ಜೋಡಿಸುವ ಕೆಲಸವೇ ಇಲ್ಲ.

ಈ ವಾರ ವಿಧಾನ 2ನ್ನ ನೀವೇ ಸಿ ಭಾಷೆಯಲ್ಲಿ ಬರೀರಿ. ಹಳೆ ಪಟ್ಟಿಯಲ್ಲಿ ಮಾತ್ರ ಸುರಪುರವನ್ನ ಶೋರಾಪುರ ಅಂತ ಬದಲಿಸಿ ಓಡಿಸಿ. ಉತ್ತರದಲ್ಲಿ ಒಂದೇ ಊರು ಎರಡು ಸಲ ಬರ್ತದೆ: ಒಮ್ಮೆ ಹೋದ ಊರಾಗಿ, ಒಮ್ಮೆ ಹೊಸ ಊರಾಗಿ. ನಿಮ್ಮ ಉತ್ತರದಲ್ಲಿ ಯಾರದೋ ಹೆಸರು "ಇಲ್ಲ" ಅಂತ ಬಂದ್ರೆ, ಬಸ್ ಬಿಡೋ ಮುಂಚೆ ಒಮ್ಮೆ ಅವರಿಗೆ ಫೋನ್ ಮಾಡಿ ಕೇಳ್ರಿ.