ಬೆಳೆದ ಮಕ್ಕಳ ಆಸರೆಮನೆ: ಬಿಡುವ ಮೊದಲು ನೋಡತಕ್ಕ ಸಂಗತಿಗಳು



“ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು” ಎಂಬ ಮಾತನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ಕಾಲು ಬಾರದವರು, ಬುದ್ಧಿ ಬೆಳೆಯದವರು ಏನು ಮಾಡಬೇಕೆಂಬುದನ್ನು ಆ ಮಾತು ಹೇಳುವುದಿಲ್ಲ. ಅಂಥ ಮಕ್ಕಳು ನಮ್ಮ ಊರುಗಳಲ್ಲಿಯೂ ಇದ್ದಾರೆ. ಚಿಕ್ಕವರಿರುವಾಗ ಅವ್ವ ಬಗಲಲ್ಲಿ ಎತ್ತಿಕೊಂಡು ಹೊಲಕ್ಕೂ ಜಾತ್ರೆಗೂ ಹೋಗುತ್ತಾಳೆ. ಅದೇ ಕೂಸು 22 ವರ್ಷದ ಆಳಾಗಿ 50 ಕಿಲೋ ತೂಗುವ ಹೊತ್ತಿಗೆ ಅವ್ವನ ಸೊಂಟ ಸೋತಿರುತ್ತದೆ, ಅಪ್ಪನ ಕಣ್ಣು ಮಂಜಾಗಿರುತ್ತದೆ. ಆಗ ಗಂಡಹೆಂಡಿರ ತಲೆಯಲ್ಲಿ ಒಂದೇ ಯೋಚನೆ: ನಮ್ಮ ತರುವಾಯ ಇವನನ್ನು ನೋಡುವವರು ಯಾರು?

ಬೀಜ ಗೊಬ್ಬರದ ಮಾತು ಬಿಟ್ಟು ಈ ಸಲ ಇದೇಕೆ ಎಂದು ಕೆಲವರು ಕೇಳಬಹುದು. ಬೆಳೆಗೆ ಹೊಡೆಯುವ ಔಷಧಿಯಿಂದಲೇ ಈ ಪ್ರಶ್ನೆ ಊರೂರಿಗೆ ದೊಡ್ಡದಾದ ಕಥೆಯೊಂದು ಕನ್ನಡದ ಜನರಲ್ಲಿಯೇ ಉಂಟು. ಕಾಸರಗೋಡಿನ ಗೇರು ತೋಟಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್‌ನವರು ಎರಡು ದಶಕಕ್ಕೂ ಹೆಚ್ಚು ಕಾಲ, 2000ನೇ ಇಸವಿಯವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದಲ್ಲಿ ಕರುಗಳು ಅಂಗ ಸೊಟ್ಟಗಾಗಿ ಹುಟ್ಟುವುದನ್ನು ಕೃಷಿಕರೂ ಪತ್ರಕರ್ತರೂ ಆದ ಶ್ರೀ ಪಡ್ರೆಯವರು ಮೊದಲು ಬರೆದರು. ಅಲ್ಲಿಯೇ ವಾಣಿನಗರದ ವೈದ್ಯರಾದ ಡಾ. ವೈ. ಎಸ್. ಮೋಹನಕುಮಾರರು ತಮ್ಮ ಬಳಿ ಬರುವ ರೋಗಿಗಳ ಲಕ್ಷಣಗಳನ್ನು ಲೋಕಕ್ಕೆ ತಿಳಿಸಿದರು. ಸಿಂಪಡಣೆ ನಿಲ್ಲಬೇಕೆಂದು 1998ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಲೀಲಾಕುಮಾರಿ ಅಮ್ಮನವರು ಕೃಷಿ ಇಲಾಖೆಯ ನೌಕರರೇ ಆಗಿದ್ದರೆಂಬುದನ್ನು ನನ್ನಂಥ ಗ್ರಾಮಸೇವಕರು ಮರೆಯಬಾರದು. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಈ ಔಷಧಿಯನ್ನು ದೇಶದಾದ್ಯಂತ ತಡೆಯಿತು. ನೊಂದವರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಕೇರಳ ಸರಕಾರಕ್ಕೆ ಆಜ್ಞೆ ಮಾಡಿತು.

ಆದರೆ ಹಣ ನಡುರಾತ್ರಿ ಎದ್ದು ಮಗನ ಮಗ್ಗಲು ಬದಲಿಸುವುದಿಲ್ಲ. ನಮ್ಮ ರಾಜ್ಯದ ಬೆಳ್ತಂಗಡಿ, ಪುತ್ತೂರು ಕಡೆಯ ಗೇರು ತೋಟಗಳಲ್ಲಿಯೂ ಇದೇ ಸಿಂಪಡಣೆ ನಡೆದಿತ್ತು. ಅಲ್ಲಿ ಕೊಕ್ಕಡ ಮತ್ತು ಕೊಯಿಲದಲ್ಲಿ ಇಂಥವರಿಗಾಗಿ ಹಗಲು ಪಾಲನಾ ಕೇಂದ್ರಗಳು ಆದವು. ಬೆಳಿಗ್ಗೆ ಕರೆದೊಯ್ಯುವುದು, ಊಟ, ಅಂಗಸಾಧನೆ, ಸಂಜೆ ಮನೆಗೆ. ಅದರಿಂದ ತಾಯಂದಿರಿಗೆ ಕೂಲಿಗೆ ಹೋಗಲು ಕೈ ಬಿಡುವಾಯಿತು. ಆದರೂ ಹೆತ್ತವರು ಶಾಶ್ವತ ವಸತಿಯ ಮನೆ ಬೇಕೆಂದು ವರ್ಷಗಟ್ಟಲೆ ಕೇಳುತ್ತ ಬಂದರು. ಹಗಲಿಗೆ ದಾರಿಯಾಯಿತು, ರಾತ್ರಿಗೆ ಏನು, ನಾವು ಸತ್ತ ಮರುದಿನಕ್ಕೆ ಏನು ಎಂಬುದು ಅವರ ಪ್ರಶ್ನೆ.

ಕೈಲಾಗುವವರೆಗೆ ಮನೆಯೇ ಒಳ್ಳೆಯದು. ಕೈಲಾಗದಾಗ ಆಸರೆಮನೆಗೆ ಬಿಡುವುದು ಪಾಪವೆಂದು ಕೆಲವರು ತಿಳಿದಿದ್ದಾರೆ. ನನ್ನ ಅಭಿಪ್ರಾಯ ಹಾಗಲ್ಲ. ಬಿಡುವುದು ತಪ್ಪಲ್ಲ, ನೋಡದೆ ಬಿಡುವುದು ತಪ್ಪು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಮನೋರೋಗಿಗಳನ್ನು ಇಟ್ಟಿದ್ದ ಗುಡಿಸಲಿಗೆ ಬೆಂಕಿ ಬಿತ್ತು. ಕಾಲಿಗೆ ಸರಪಳಿ ಇದ್ದುದರಿಂದ ಓಡಲಾಗದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮನೋರೋಗಿಗಳಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಹಗ್ಗ, ಬೀಗ, ಸರಪಳಿ ಯಾವುದೊಂದು ಕಣ್ಣಿಗೆ ಬಿದ್ದರೂ ಅಲ್ಲಿಂದಲೇ ತಿರುಗಿ ಬರತಕ್ಕದ್ದು.

ಇನ್ನು ನೋಡುವ ಬಗೆ. ಸಂತೆಯಲ್ಲಿ ಎತ್ತು ಕೊಳ್ಳುವಾಗ ಕೋಡಿಗೆ ಹಚ್ಚಿದ ಬಣ್ಣ ನೋಡಿ ಹಣ ಕೊಡುವ ರೈತನಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಮಗನನ್ನು ಬಿಡುವ ಮನೆಯಲ್ಲಿ ಮಾತ್ರ ಗೋಡೆಯ ಬಣ್ಣ, ದಾನಿಗಳ ಫಲಕ ನೋಡಿ ಸಮಾಧಾನಪಟ್ಟು ಬರುತ್ತೇವೆ. ಅಲ್ಲಿ ಈಗಾಗಲೇ ಇರುವ ಹುಡುಗರ ಉಗುರು ನೋಡಿರಿ, ಹಲ್ಲು ನೋಡಿರಿ. ಹಿಮ್ಮಡಿ, ಸೊಂಟ, ಬೆನ್ನಿನ ಕೆಳಭಾಗದಲ್ಲಿ ಯಾರಿಗಾದರೂ ಹುಣ್ಣು ಆಗಿದೆಯೇ ಎಂದು ಕೇಳಿರಿ. ತಾನಾಗಿ ಹೊರಳಲಾರದವನನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸದಿದ್ದರೆ ಹಾಸಿಗೆ ಹುಣ್ಣು ಏಳುತ್ತದೆ. ಹುಣ್ಣು ಕಂಡಲ್ಲಿ ರಾತ್ರಿ ಯಾರೂ ಎದ್ದಿಲ್ಲವೆಂದು ಶಂಕಿಸತಕ್ಕದ್ದು. ಆದುದರಿಂದ ಹಗಲು ಎಷ್ಟು ಜನ ಕೆಲಸಕ್ಕಿದ್ದಾರೆ ಎಂಬುದಕ್ಕಿಂತ ರಾತ್ರಿ ಎಚ್ಚರವಿರುವವರು ಯಾರು ಎಂದು ಹೆಸರು ಹಿಡಿದು ಕೇಳಿರಿ. ಹೆಣ್ಣುಮಕ್ಕಳಿರುವ ಮನೆಯಲ್ಲಿ ಮೈ ತೊಳೆಸುವುದು, ಮುಟ್ಟಿನ ಬಟ್ಟೆ ನೋಡುವುದು ಹೆಂಗಸರದೇ ಕೆಲಸವಾಗಿರಬೇಕು. ಈ ಮಾತನ್ನು ಅವ್ವಂದಿರೇ ಕೇಳಲಿ, ಸಂಕೋಚ ಬೇಡ.

ನೀರಿನ ಕೊಡ ಎಲ್ಲಿದೆ? ಇದು ಸಣ್ಣ ಪ್ರಶ್ನೆಯಂತೆ ತೋರುತ್ತದೆ. ಕುಡಿಯಲು ಹೆಚ್ಚು ಕೊಟ್ಟರೆ ಹೆಚ್ಚು ಸಲ ಶೌಚಕ್ಕೆ ಎತ್ತಬೇಕಲ್ಲ ಎಂದು ಕೆಲಸದವರು ಕೆಲವೆಡೆ ನೀರನ್ನೇ ಕಡಮೆ ಮಾಡುವುದುಂಟು. ಬಾಯಿ ಬಿಟ್ಟು ಕೇಳಲಾರದವನು ನಮ್ಮ ಬೇಸಿಗೆಯಲ್ಲಿ ಒಣಗಿದ ತುಟಿಯಿಂದ ಕುಳಿತಿರುತ್ತಾನೆ. ಮಲಬದ್ಧತೆ, ಉರಿಮೂತ್ರ ಅಲ್ಲಿಂದಲೇ ಪ್ರಾರಂಭ. ಊಟದ ಹೊತ್ತಿಗೇ ಹೋಗಿರಿ, ಹೇಳಿ ಹೋಗಬೇಡಿರಿ. ಕೈಕಾಲು ಸೆಟೆದ, ನುಂಗಲು ತ್ರಾಸಪಡುವ ಮಕ್ಕಳಿಗೆ ಒಣ ರೊಟ್ಟಿ ನಡೆಯುವುದಿಲ್ಲ. ಜೋಳದ ನುಚ್ಚನ್ನೋ, ಸಾರಿನಲ್ಲಿ ನೆನೆಸಿ ಕಿವುಚಿದ ರೊಟ್ಟಿಯನ್ನೋ ನೆಟ್ಟಗೆ ಕೂಡಿಸಿ ಸಣ್ಣ ತುತ್ತಾಗಿ ಕೊಡಬೇಕು. ಉಂಡ ಮೇಲೆ ಅರ್ಧ ತಾಸು ಮಲಗಿಸಬಾರದು. ಮಲಗಿಸಿಕೊಂಡು ಬಾಯಿಗೆ ಸುರಿದರೆ ಅನ್ನ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಒಬ್ಬನಿಗೆ ಉಣಿಸಲು ಎಷ್ಟು ಹೊತ್ತು ಹಿಡಿಯುತ್ತದೆ, ಉಣಿಸುವವರು ಎಷ್ಟು ಜನ, ಉಣ್ಣುವವರು ಎಷ್ಟು ಜನ ಎಂಬ ಲೆಕ್ಕವನ್ನು ಅಲ್ಲಿಯೇ ನಿಂತು ಹಾಕಿರಿ. ಕೂಲಿ ಆಳಿನ ಲೆಕ್ಕ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರ್ಛೆ ಬೇನೆ ಇರುವವರಿಗೆ ಗುಳಿಗೆ ಒಂದು ಹೊತ್ತೂ ತಪ್ಪಬಾರದು. ಗುಳಿಗೆ ಕೊಟ್ಟ ವೇಳೆಯನ್ನು ಬರೆಯುವ ಪುಸ್ತಕ ಇದೆಯೇ ನೋಡಿರಿ. ಮೂರ್ಛೆ ಬಂದಾಗ ಏನು ಮಾಡುತ್ತೀರಿ ಎಂದು ಅಡಿಗೆಯವಳನ್ನು ಕೇಳಿರಿ, ಮೇಲ್ವಿಚಾರಕನನ್ನಲ್ಲ. ಮಗ್ಗಲಿಗೆ ಹೊರಳಿಸುತ್ತೇವೆ, ಬಾಯೊಳಗೆ ಏನನ್ನೂ ತುರುಕುವುದಿಲ್ಲ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯುತ್ತೇವೆ ಎಂದರೆ ಸರಿಯಾದ ಉತ್ತರ. ಕೈಗೆ ಕಬ್ಬಿಣ ಕೊಡುತ್ತೇವೆ, ಉಳ್ಳಾಗಡ್ಡಿ ಮೂಸಿಸುತ್ತೇವೆ ಎಂದರೆ ಆ ಮನೆಯಲ್ಲಿ ಯಾರೂ ತರಬೇತಿ ಪಡೆದಿಲ್ಲ. ಎಲ್ಲರೂ ಹಗಲಿಡೀ ತೂಕಡಿಸುತ್ತಿದ್ದರೆ ಸುಮ್ಮನಿರಿಸಲು ಔಷಧಿ ಕೊಡುತ್ತಿರಬಹುದು. ಯಾವ ವೈದ್ಯರು ಬರೆದರು ಎಂಬ ಚೀಟಿ ತೋರಿಸಲಿ.

ಮೈ ಒಂದೇ ಅಲ್ಲ. 22 ವರ್ಷದವನು ಕೂಸಲ್ಲ. ಅವನದೇ ಒಂದು ಪೆಟ್ಟಿಗೆ, ಅವನದೇ ಅಂಗಿ, ಯಾವ ಅಂಗಿ ತೊಡಬೇಕೆಂದು ಕೈ ತೋರಿಸುವ ಅವಕಾಶ ಇರಬೇಕು. ಬಟ್ಟೆಗಳೆಲ್ಲ ಒಂದೇ ರಾಶಿಯಾಗಿ ಒಗೆದು ಸಿಕ್ಕಿದ್ದನ್ನು ಸಿಕ್ಕವನಿಗೆ ತೊಡಿಸುವ ಮನೆ ನನಗೆ ಹಿಡಿಸದು. ಕೈಲಾದ ಕೆಲಸವೂ ಇರಬೇಕು. ಶೇಂಗಾ ಸುಲಿಯುವುದು, ಸಸಿಗೆ ನೀರು ಹಾಕುವುದು, ಕೋಳಿಗೆ ಕಾಳು ಚೆಲ್ಲುವುದು ಎಷ್ಟೋ ಜನರಿಗೆ ಬರುತ್ತದೆ. ಹತ್ತು ಜನರ ಮನೆಯಲ್ಲಿ ಇದು ಸಾಧ್ಯ. ನೂರು ಜನರ ಮನೆಯಲ್ಲಿ ಹೆಸರು ನೆನಪಿಡುವುದೇ ಕಷ್ಟ. ನೋಡುವವರು ಆರು ತಿಂಗಳಿಗೊಮ್ಮೆ ಬದಲಾಗುತ್ತಿದ್ದರೆ ಅಲ್ಲಿ ಸಂಬಳ ಸರಿಯಿಲ್ಲವೆಂದು ತಿಳಿಯಿರಿ; ನಿಮ್ಮ ಮಗನ ಸನ್ನೆ ಅರಿಯಲು ಹೊಸಬರಿಗೆ ಮತ್ತೆ ಆರು ತಿಂಗಳು ಹಿಡಿಯುತ್ತದೆ.

ಕಾಗದಪತ್ರದ ವಿಷಯ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ ಪ್ರಕಾರ ಇಂಥ ಸಂಸ್ಥೆಗೆ ನೋಂದಣಿ ಬೇಕೇ ಬೇಕು. ಪ್ರಮಾಣಪತ್ರ ಕೇಳಿ ನೋಡಿರಿ. ಎರಡನೆಯದು ಹೊಲದ ಪಾಲಿಗೆ ಸಂಬಂಧಪಟ್ಟದ್ದು, ಇದನ್ನು ಚೆನ್ನಾಗಿ ಗಮನಿಸಿರಿ. ಮಗನಿಗೆ 18 ತುಂಬಿದ ಮೇಲೆ ತಂದೆತಾಯಿ ಕಾನೂನಿನಲ್ಲಿ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕಾಗಿ 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಇದೆ. ಅದರಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಪಾಲಕರನ್ನು ನೇಮಿಸಿಕೊಳ್ಳಬಹುದು. ನೇಮಕವಾದ ಪಾಲಕರು ಆರು ತಿಂಗಳೊಳಗೆ ಮಗನ ಆಸ್ತಿಯ ಪಟ್ಟಿ ಒಪ್ಪಿಸಬೇಕು, ವರ್ಷ ವರ್ಷ ಲೆಕ್ಕ ಕೊಡಬೇಕು. ಆಸ್ತಿ ತಿಂದರೆ, ನೋಡದೆ ಬಿಟ್ಟರೆ ಅವರನ್ನು ತೆಗೆಯಲೂ ಬರುತ್ತದೆ. “ಅಣ್ಣತಮ್ಮಂದಿರು ನೋಡಿಕೊಳ್ಳುತ್ತಾರೆ ಬಿಡಿರಿ” ಎಂಬ ಮಾತು ಒಳ್ಳೆಯ ಮನಸ್ಸಿನದೇ. ಆದರೆ ಸೊಸೆಯಂದಿರು ಬಂದು ಪಾಲಾಗುವ ಮೊದಲೇ, ಎಲ್ಲರೂ ಒಂದೇ ಒಲೆಯಲ್ಲಿ ಉಣ್ಣುವಾಗಲೇ, ಈ ಅರ್ಜಿ ಆಗುವುದು ಲೇಸು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಅಂಗವಿಕಲರ ಗುರುತಿನ ಚೀಟಿಗೂ ಇದಕ್ಕೂ ದಾರಿ ತೋರಿಸುತ್ತಾರೆ.

ಬಿಡುವುದೆಂದು ನಿಶ್ಚಯಿಸಿದರೆ ಒಮ್ಮೆಲೇ ಬಿಡಬೇಡಿರಿ. ಮೊದಲು ಒಂದು ಹಗಲು, ಆಮೇಲೆ ಎರಡು ರಾತ್ರಿ, ಆಮೇಲೆ ಒಂದು ವಾರ. ಬೇಸಾಯದ ಕೆಲಸ ಕಡಮೆಯಿರುವ ತಿಂಗಳಲ್ಲಿ ಇದನ್ನು ಇಟ್ಟುಕೊಂಡರೆ ನೀವೂ ಹೋಗಿಬರಲು ಅನುಕೂಲ. ಜತೆಯಲ್ಲಿ 40 ಹಾಳೆಯ ಒಂದು ನೋಟುಪುಸ್ತಕ ಕಳಿಸಿರಿ. ನೀರು ಬೇಕಾದಾಗ ಅವನು ಮಾಡುವ ಸನ್ನೆ, ಮಲಗುವ ಮಗ್ಗಲು, ಹೆದರುವ ಸದ್ದು, ತಿನ್ನದ ಪದಾರ್ಥ, ಗುಳಿಗೆಯ ಹೆಸರು ಮತ್ತು ವೇಳೆ, ಹಿಂದೆ ಮೂರ್ಛೆ ಬಂದ ದಿನಗಳು ಇವನ್ನೆಲ್ಲ ಅದರಲ್ಲಿ ಬರೆಯಿಸಿರಿ. ಅವ್ವ ಹೇಳಲಿ, ಶಾಲೆಗೆ ಹೋಗುವ ತಂಗಿ ಬರೆಯಲಿ. ಎರಡು ಪ್ರತಿ ಮಾಡಿ ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳಿರಿ. ಬೇರೆಯವರ ಮಗನನ್ನು ನೋಡಲು ಹೋಗುವ ನೆರೆಯವರ ಕೈಗೂ ಅದು ಸಿಗುವಂತಿರಲಿ.