ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಯ ಹಕ್ಕುಗಳು

ಘಾಟ್ಕೋಪರ್, ಭಾಂಡೂಪಗಳ ಚಾಳುಗಳಲ್ಲಿ ಒಂದೇ ಕೋಣೆಯಲ್ಲಿ ಸಂಸಾರ ಹೂಡಿರುವ ಮುಂಬಯಿ ಕನ್ನಡಿಗರ ಕುಟುಂಬವೊಂದು ಪಾರ್ಶ್ವವಾಯುಪೀಡಿತಳಾದ ತಾಯಿಯನ್ನು ಮನೆಗೆ ಕರೆತಂದಾಗ, ಮೂಗಿನ ನಳಿಕೆಯಿಂದ ಗಂಜಿ ಇಳಿಸುವುದು, ಮೂತ್ರದ ಚೀಲ ಬದಲಿಸುವುದು, ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು ಮೊದಲಾದ ಶುಶ್ರೂಷೆಯ ಭಾರವೆಲ್ಲವೂ ಮನೆಯವರ ಮೇಲೆ ಬೀಳುವುದು ಆ ದಿನದಿಂದಲೇ. ಸರಕಾರದ ಆರೋಗ್ಯ ಕಾರ್ಡಿನ ನೆರವು ಬಹುಮಟ್ಟಿಗೆ ಮುಗಿಯುವುದೂ ಅದೇ ಹೊತ್ತಿನಲ್ಲಿ.

ಕೇಂದ್ರ ಸರಕಾರವು 2018ರಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯು ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಒಳರೋಗಿ ಚಿಕಿತ್ಸೆಯನ್ನು ಒದಗಿಸುತ್ತದೆ. 2024ರ ಅಕ್ಟೋಬರಿನಿಂದ 70 ವರ್ಷ ತುಂಬಿದವರಿಗೆ ಆದಾಯದ ಮಿತಿಯೇ ಇಲ್ಲ. ಮಹಾರಾಷ್ಟ್ರದಲ್ಲಿ ಇದು ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯೊಡನೆ ಜೋಡಿಕೊಂಡಿದೆ. ಕರ್ನಾಟಕದಲ್ಲಿ ಮಾಡಿಸಿದ್ದರೂ ಕೇಂದ್ರ ಯೋಜನೆಯ ಅರ್ಹತೆಯುಳ್ಳ ಕಾರ್ಡು ಮುಂಬಯಿಯ ನೋಂದಾಯಿತ ಆಸ್ಪತ್ರೆಗಳಲ್ಲಿ ಸಲ್ಲುತ್ತದೆ. ಆದರೆ ಮನೆಗೆ ಬರುವ ದಾದಿಯ ಸಂಬಳವನ್ನು ಅದು ಕೊಡುವುದಿಲ್ಲ. ಬಿಡುಗಡೆಯ ತರುವಾಯದ 15 ದಿನಗಳ ಔಷಧ ಹಾಗೂ ಅನುಸರಣ ಚಿಕಿತ್ಸೆಯ ವೆಚ್ಚ ಮಾತ್ರ ಅದರಲ್ಲಿ ಅಡಕವಾಗಿದೆ. ಆದಕಾರಣ, ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕುವ ಮುನ್ನವೇ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕಂಡು, ಆ ಔಷಧಗಳನ್ನು ಕೇಳಿ ಪಡೆಯುವುದೂ, ಮನೆಯ ಶುಶ್ರೂಷೆಯ ಕ್ರಮವನ್ನು ವೈದ್ಯರಿಂದ ಬರಹದಲ್ಲಿ ಪಡೆಯುವುದೂ ಅತ್ಯವಶ್ಯ.

ಅಲ್ಲಿಂದ ಮುಂದೆ ಹಕ್ಕುಗಳು ನಾನಾ ಕಾಯಿದೆಗಳಲ್ಲಿ ಚದುರಿಹೋಗಿವೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 18ನೆಯ ಕಲಮು ಮನೋರೋಗಿಗಳಿಗೆ ಮನೆಯಲ್ಲಿಯೇ ಪುನರ್ವಸತಿ ಸೇವೆಯನ್ನು ಒದಗಿಸುವ ಹೊಣೆಯನ್ನು ಸರಕಾರಕ್ಕೆ ವಹಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನು ಹೇಳಿಯೂ, ಅದನ್ನು ಸರಕಾರದ ಆರ್ಥಿಕ ಸಾಮರ್ಥ್ಯದ ಮಿತಿಗೆ ಒಳಪಡಿಸಿದೆ; ಈ ಒಂದು ಒಕ್ಕಣೆ ಆ ಹಕ್ಕನ್ನು ದುರ್ಬಲಗೊಳಿಸಿದೆಯೆಂದೇ ನನ್ನ ಅಭಿಪ್ರಾಯ. ಹಾಸಿಗೆ ಹಿಡಿದ ವೃದ್ಧರ ಮನೆಗೆ ಆರೋಗ್ಯ ಕಾರ್ಯಕರ್ತರು ಭೇಟಿ ಕೊಡಬೇಕೆಂಬುದು ವೃದ್ಧರ ಆರೋಗ್ಯಪಾಲನೆಯ ರಾಷ್ಟ್ರೀಯ ಕಾರ್ಯಕ್ರಮದ ಅಂಗವಾಗಿದ್ದು, ಅದನ್ನು ಸಮೀಪದ ನಗರಪಾಲಿಕೆಯ ಹೆಲ್ತ್ ಪೋಸ್ಟಿನಲ್ಲಿ ವಿಚಾರಿಸಬೇಕು. ಕ್ಯಾನ್ಸರ್ ರೋಗಿಗಳಿಗೆ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಉಪಶಾಮಕ ವಿಭಾಗವು ಮನೆಭೇಟಿಯ ಸೇವೆಯನ್ನು ನಡೆಸುತ್ತ ಬಂದಿದೆ.

ಜನರು ಅಲ್ಪವಾಗಿ ಬಳಸುವ, ಆದರೆ ನಿಜಕ್ಕೂ ಕೈಗೆಟಕುವ ಆಧಾರವೆಂದರೆ 2007ರ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆ. ಅದರಲ್ಲಿ ಪೋಷಣೆಯೆಂದರೆ ಅನ್ನವಸ್ತ್ರಗಳಷ್ಟೇ ಅಲ್ಲದೆ ವೈದ್ಯಕೀಯ ಉಪಚಾರವೂ ಸೇರಿರುವುದರಿಂದ, ಸಾಮರ್ಥ್ಯವಿದ್ದೂ ಉಪೇಕ್ಷಿಸುವ ಮಕ್ಕಳ ವಿರುದ್ಧ ಉಪವಿಭಾಗಾಧಿಕಾರಿಯ ದರ್ಜೆಗೆ ಕಡಮೆಯಿಲ್ಲದ ಅಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ನಡೆದಾಡಲಾರದವರ ಪರವಾಗಿ ಅವರು ಅಧಿಕಾರ ಕೊಟ್ಟ ಬೇರೊಬ್ಬರಾಗಲಿ ಸಂಸ್ಥೆಯಾಗಲಿ ಅರ್ಜಿ ಹಾಕಬಹುದು. ಮಾಟುಂಗಾ, ಅಂಧೇರಿಗಳ ನಮ್ಮ ಸಂಘಸಂಸ್ಥೆಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ಯಾವ ಕಚೇರಿಯಲ್ಲಾದರೂ ಮೌಖಿಕ ನಿರಾಕರಣೆಗೆ ಹಿಂದಿರುಗದೆ, ಅರ್ಜಿಯನ್ನು ಬರೆದುಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕಸಹಿತ ಸ್ವೀಕೃತಿಯ ಮೊಹರನ್ನು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ, ಅದರ ಗತಿಯೇನಾಯಿತೆಂದು 10 ರೂಪಾಯಿ ಶುಲ್ಕ ತೆತ್ತು ಮಾಹಿತಿ ಹಕ್ಕಿನಡಿ ಕೇಳಿದಲ್ಲಿ, 30 ದಿನಗಳೊಳಗೆ ಉತ್ತರಿಸಲು ಆ ಕಚೇರಿ ಬದ್ಧವಾಗಿದೆ.